ಕೆಂಪಾಗದ ಚರ್ಮ ಸುಟ್ಟಿದ್ದು ಗೊತ್ತಾಗುವುದು ಹೇಗೆ? ಸೋರಿಯಾಸಿಸ್‌ಗೆ ಲೈಟ್ ಟ್ರೀಟ್‌ಮೆಂಟ್ ತಗೊಳ್ಳುವವರಿಗೆ

"ಕೆಂಪಾಗಿತ್ತಾ?"

ಲೈಟ್ ರೂಮಿನ ಸಿಸ್ಟರ್ ಪ್ರತಿ ಸಲ ಕೇಳುತ್ತಿದ್ದದ್ದು ಇದೊಂದೇ ಪ್ರಶ್ನೆ. ನಾನು ಕನ್ನಡಿ ನೋಡಿಕೊಂಡೇ ಹೋಗಿರುತ್ತಿದ್ದೆ. ನನ್ನದು ಎಣ್ಣೆಗೆಂಪಿಗಿಂತ ಒಂದು ಕೈ ಜಾಸ್ತಿ ಕಪ್ಪು ಬಣ್ಣ. ಕೆಂಪು ಎಲ್ಲಿಂದ ಕಾಣಬೇಕು? "ಇಲ್ಲ ಸಿಸ್ಟರ್" ಅನ್ನುತ್ತಿದ್ದೆ. ಅವರು ಡೋಸ್ ಸ್ವಲ್ಪ ಏರಿಸುತ್ತಿದ್ದರು. ಒಂಬತ್ತನೇ ಸಲ ಹೋಗಿ ಬಂದ ರಾತ್ರಿ ಬನಿಯನ್ ಹೊಟ್ಟೆಗೆ ತಾಗಿದರೂ ಉರಿ. ಬೆಳಿಗ್ಗೆ ಸ್ನಾನಕ್ಕೆ ನೀರು ಹುಯ್ದುಕೊಂಡಾಗ ಚುರ್ ಅಂತು, ಚೊಂಬು ಕೈಬಿಟ್ಟೆ. ಆಗಲೂ ಕನ್ನಡಿಯಲ್ಲಿ ಕೆಂಪು ಇರಲಿಲ್ಲ. ಹೊಟ್ಟೆಯ ಬಣ್ಣ ಸ್ವಲ್ಪ ನೇರಳೆಗೆ ತಿರುಗಿತ್ತು, ಅಷ್ಟೇ.

ನಿಜ ಹೇಳಬೇಕೆಂದರೆ ಅದಕ್ಕೂ ಹಿಂದಿನ ಎರಡು ಸಲ ಮೈ ಬೆಚ್ಚಗಾಗಿದ್ದು ನನಗೆ ಗೊತ್ತಿತ್ತು. ಹೇಳಿದರೆ ಡೋಸ್ ಏರಿಸುವುದಿಲ್ಲ, ಗುಣವಾಗುವುದು ತಡವಾಗುತ್ತದೆ ಅಂತ ಸುಮ್ನಿದ್ದೆ.

ಡೋಸ್ ಎಷ್ಟು ಅಂತ ತೀರ್ಮಾನ ಮಾಡುವುದು ಚರ್ಮದ ಡಾಕ್ಟರು. ಆದರೆ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಆ ಚರ್ಮವನ್ನು ನೋಡುವವರು ನೀವೊಬ್ಬರೇ. ಅದನ್ನು ಹೇಗೆ ನೋಡಬೇಕು, ಏನು ಹೇಳಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಈ ಬೆಳಕು ಮಾಡುವ ಕೆಲಸ

ಚರ್ಮದ ಕೋಶ ಅಡಿಯಲ್ಲಿ ಹುಟ್ಟಿ, ಮೇಲೆ ಬಂದು ಉದುರುವುದಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಉದುರುವುದಕ್ಕಿಂತ ಮೊದಲೇ ಇನ್ನೊಂದು ಪದರ ಬಂದು ಕೂರುತ್ತದೆ. ಅದೇ ನಾವು ಹಾಸಿಗೆಯಿಂದ ಗುಡಿಸುವ ಬಿಳಿ ಹೊಟ್ಟು. ಅಲ್ಟ್ರಾವಯೊಲೆಟ್ ಬೆಳಕು ಈ ಅವಸರಕ್ಕೆ ಕಾರಣವಾದ ರೋಗನಿರೋಧಕ ಕೋಶಗಳನ್ನು ತಗ್ಗಿಸುತ್ತದೆ.

ಆದರೆ ಯಾವ ಬೆಳಕಾದರೂ ನಡೆಯುವುದಿಲ್ಲ. 1981ರಲ್ಲಿ ಅಮೆರಿಕದ ಜಾನ್ ಪ್ಯಾರಿಶ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ತರಂಗಾಂತರದ ಬೆಳಕನ್ನು ಸೋರಿಯಾಸಿಸ್ ಕಲೆಗಳ ಮೇಲೆ ಹಾಯಿಸಿ ನೋಡಿದರು. 290 ನ್ಯಾನೋಮೀಟರ್ ಮತ್ತು ಅದಕ್ಕಿಂತ ಕಡಿಮೆಯದ್ದು ಚರ್ಮ ಸುಡುತ್ತಿತ್ತು, ಕಲೆಗೆ ಏನೂ ಆಗುತ್ತಿರಲಿಲ್ಲ. 313ರ ಆಸುಪಾಸಿನದ್ದು ಸುಡದ ಡೋಸಿನಲ್ಲೇ ಕಲೆ ಕಡಿಮೆ ಮಾಡುತ್ತಿತ್ತು. ಆ ಲೆಕ್ಕಕ್ಕೆ ಸರಿಯಾಗಿ ಫಿಲಿಪ್ಸ್ ಕಂಪನಿ ಟಿಎಲ್-01 ಅನ್ನುವ ಟ್ಯೂಬ್ ಮಾಡಿತು. 311ರ ಸುತ್ತಮುತ್ತ ಮಾತ್ರ ಜೋರಾಗಿ ಬೆಳಗುವ ಟ್ಯೂಬ್ ಅದು. ಇವತ್ತು ಹೆಚ್ಚಿನ ಕಡೆ ಸಿಗುವ ನ್ಯಾರೋಬ್ಯಾಂಡ್ ಯುವಿಬಿ (ಯುವಿಬಿ ಅಂದರೆ ಅಲ್ಟ್ರಾವಯೊಲೆಟ್‌ನ ಒಂದು ಬಗೆ) ಚೇಂಬರ್ ಅಂದರೆ ಇದೇ.

ಸುಡುವ ಡೋಸಿಗೂ ಗುಣಪಡಿಸುವ ಡೋಸಿಗೂ ನಡುವೆ ಒಂದಿಷ್ಟು ಜಾಗ ಇದೆ ಅಂತಾಯಿತು. ಆದರೆ ಅದು ತೀರಾ ದೊಡ್ಡ ಜಾಗವೇನಲ್ಲ.

ಹೆಜ್ಜೆ 1: ಮಾತ್ರೆ ಡಬ್ಬಿ ಸಮೇತ ಹೋಗಿ

ಮೊದಲ ದಿನ ಡಾಕ್ಟರು "ಬೇರೆ ಮಾತ್ರೆ ಏನಾದರೂ ತಗೊಳ್ತೀರಾ?" ಅಂತ ಕೇಳುತ್ತಾರೆ. ನಾವು "ಬಿಪಿಗೆ ಒಂದು, ಅಷ್ಟೇ" ಅನ್ನುತ್ತೇವೆ. ಯಾವ ಬಿಪಿ ಮಾತ್ರೆ ಅನ್ನುವುದರಲ್ಲೇ ವಿಷಯ ಇರುವುದು. ಹೈಡ್ರೋಕ್ಲೋರೋಥಯಝೈಡ್ ಸೇರಿಸಿದ ಬಿಪಿ ಮಾತ್ರೆಗಳು ಬಹಳ. ಹೆಸರಿನ ಕೊನೆಗೆ 'ಎಚ್' ಇರುವವುಗಳಲ್ಲಿ ಎಷ್ಟೋ ಇದೇ. ಅದು ಚರ್ಮಕ್ಕೆ ಬೆಳಕು ತಡೆಯದಂತೆ ಮಾಡಬಲ್ಲದು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್, ನೋವಿಗೆ ಕೊಡುವ ನ್ಯಾಪ್ರಾಕ್ಸೆನ್, ಪಿರಾಕ್ಸಿಕ್ಯಾಮ್, ಹೃದಯಕ್ಕೆ ಕೊಡುವ ಅಮಿಯೊಡರೋನ್, ಫಂಗಸ್‌ಗೆ ಕೊಡುವ ಗ್ರಿಸಿಯೊಫುಲ್ವಿನ್ ಕೂಡ ಇದೇ ಗುಂಪಿನವು.

ಇವುಗಳಲ್ಲಿ ಹೆಚ್ಚಿನವು ಯುವಿಎ (ಯುವಿಬಿಗಿಂತ ಉದ್ದ ತರಂಗಾಂತರದ ಅಲ್ಟ್ರಾವಯೊಲೆಟ್) ಬೆಳಕಿನ ಜೊತೆಗೇ ಜಾಸ್ತಿ ತಕರಾರು ಮಾಡುವುದು. ನ್ಯಾರೋಬ್ಯಾಂಡ್‌ನಲ್ಲಿ ತೊಂದರೆ ಕಡಿಮೆ, ಹಾಗಂತ ಇಲ್ಲವೇ ಇಲ್ಲ ಅಂತಲ್ಲ. ಸೋರಿಯಾಸಿಸ್‌ಗೇ ಕೊಡುವ ಅಸಿಟ್ರೆಟಿನ್ ತಗೊಳ್ಳುತ್ತಿದ್ದರೆ ಚರ್ಮ ತೆಳುವಾಗಿರುತ್ತದೆ, ಬೆಳಕಿನ ಡೋಸ್ ಇಳಿಸಬೇಕಾಗುತ್ತದೆ. ಮೆಥೋಟ್ರೆಕ್ಸೇಟ್‌ನದ್ದು ಇನ್ನೊಂದು ಕಥೆ. ಹಿಂದೆ ಸುಟ್ಟು ವಾಸಿಯಾದ ಜಾಗ ಮತ್ತೆ ಸುಟ್ಟ ಹಾಗೆ ಕೆರಳುವುದು ಅಪರೂಪಕ್ಕೆ ಉಂಟು.

ಆದ್ದರಿಂದ ಸ್ಟ್ರಿಪ್‌ಗಳನ್ನೇ ಒಂದು ಕವರಿಗೆ ಹಾಕಿಕೊಂಡು ಹೋಗಿ ಟೇಬಲ್ ಮೇಲಿಡಿ. ನಡುವೆ ಜ್ವರಕ್ಕೋ ಹಲ್ಲುನೋವಿಗೋ ಹೊಸ ಮಾತ್ರೆ ಶುರುವಾದರೆ ಅದನ್ನೂ ಮುಂದಿನ ಲೈಟಿಗೆ ಮೊದಲೇ ಹೇಳಿ. ಆದರೆ ಈ ಪಟ್ಟಿ ಓದಿಕೊಂಡು ನೀವೇ ಬಿಪಿ ಮಾತ್ರೆ ನಿಲ್ಲಿಸಬೇಡಿ. ಬೆಳಕಿನ ಡೋಸ್ ಹೊಂದಿಸಿಕೊಳ್ಳುವುದು ಸುಲಭ, ಏರಿದ ಬಿಪಿ ಇಳಿಸುವುದು ಕಷ್ಟ.

ಲೂಪಸ್ (ರೋಗನಿರೋಧಕ ಶಕ್ತಿ ಮೈಯ ಮೇಲೇ ತಿರುಗಿಬೀಳುವ ಕಾಯಿಲೆ) ಇದ್ದವರು, ಬಿಸಿಲಿಗೆ ಹೋದರೆ ಮುಖದ ಮೇಲೆ ದದ್ದು ಏಳುವವರು, ಕೀಲುನೋವು ಮತ್ತು ಬಾಯಿಹುಣ್ಣು ಜೊತೆಜೊತೆಗೆ ಬರುವವರು ಅದನ್ನು ಮುಚ್ಚಿಡಬಾರದು. ಲೂಪಸ್‌ಗೆ ಈ ಬೆಳಕು ವಿಷ. ಚರ್ಮದ ಕ್ಯಾನ್ಸರ್ ಆಗಿದ್ದವರೂ ಮೊದಲೇ ಹೇಳಬೇಕು. ಇನ್ನೊಂದು ವಿಚಿತ್ರ ಏನೆಂದರೆ, ಬಿಸಿಲು ಬಿದ್ದರೆ ಸೋರಿಯಾಸಿಸ್ ಕಡಿಮೆಯಾಗುವುದು ಬಿಟ್ಟು ಜಾಸ್ತಿಯಾಗುವವರೂ ಇದ್ದಾರೆ. ಕಡಿಮೆ ಜನ, ಆದರೆ ಇದ್ದಾರೆ. ಪ್ರತಿ ಬೇಸಿಗೆಯಲ್ಲೂ ನಿಮ್ಮದು ಕೆರಳುತ್ತದೆ ಅನ್ನುವುದಾದರೆ ಅದು ಡಾಕ್ಟರಿಗೆ ಬಹಳ ಮುಖ್ಯವಾದ ಸುದ್ದಿ.

ಹೆಜ್ಜೆ 2: "ನನಗೆ ಬಿಸಿಲು ಅಭ್ಯಾಸ ಸಾರ್" ಅನ್ನಬೇಡಿ

1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಅನ್ನುವ ಚರ್ಮವೈದ್ಯರು ಚರ್ಮದ ಬಗೆಗಳ ಪಟ್ಟಿ ಮಾಡಿದರು. ಸೋರಿಯಾಸಿಸ್ ಬೆಳಕಿನ ಡೋಸ್ ಗೊತ್ತು ಮಾಡುವುದಕ್ಕೇ ಮಾಡಿದ್ದು ಅದು. ಬಿಸಿಲಿಗೆ ಹೋದರೆ ಸುಡುತ್ತೀರಾ, ಕಪ್ಪಾಗುತ್ತೀರಾ ಅನ್ನುವ ಪ್ರಶ್ನೆಯ ಮೇಲೆ ನಿಂತಿದೆ. ಶುರುವಿನಲ್ಲಿ ಇದ್ದದ್ದು ಬಿಳಿ ಚರ್ಮದ ಬಗೆಗಳು ಮಾತ್ರ. ಕಂದು, ಕಪ್ಪು ಚರ್ಮದ ಐದು ಮತ್ತು ಆರನೇ ಬಗೆ ಆಮೇಲೆ ಸೇರಿದ್ದು. ನಮ್ಮಲ್ಲಿ ಬಹುಪಾಲು ಜನ ನಾಲ್ಕು ಇಲ್ಲವೇ ಐದರಲ್ಲಿ ಬರುತ್ತೇವೆ.

ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ 2010ರ ಮಾರ್ಗಸೂಚಿ ನಾಲ್ಕನೇ ಬಗೆಗೆ 330, ಐದನೆಯದಕ್ಕೆ 350 ಮಿಲಿಜೂಲ್‌ನಿಂದ ಶುರುಮಾಡಿ ಅಂದಿತ್ತು. ಇದು ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ ಬೀಳುವ ಬೆಳಕಿನ ಲೆಕ್ಕ. ನಿಮ್ಮ ಸೆಂಟರಿನ ಪದ್ಧತಿ ಸ್ವಲ್ಪ ಬೇರೆ ಇದ್ದೀತು. ಕೆಲವು ಕಡೆ ಬೆನ್ನಿನ ಮೇಲೋ ಪಿರ್ರೆಯ ಮೇಲೋ ಸಣ್ಣ ಸಣ್ಣ ಚೌಕ ಬಿಟ್ಟು, ಒಂದೊಂದಕ್ಕೂ ಒಂದೊಂದು ಡೋಸ್ ಹಾಕಿ, 24 ಗಂಟೆ ಬಿಟ್ಟು ನೋಡುತ್ತಾರೆ. ಕೆಂಪಾದ ಚೌಕಗಳಲ್ಲಿ ಎಲ್ಲಕ್ಕಿಂತ ಕಡಿಮೆ ಡೋಸ್ ಯಾವುದೋ ಅದರ ಅರ್ಧದಿಂದ ಮುಕ್ಕಾಲಿನೊಳಗೆ ಶುರು ಮಾಡುತ್ತಾರೆ. ಈ ಟೆಸ್ಟ್ ಮಾಡುವ ಸೆಂಟರ್ ಸಿಕ್ಕರೆ ಇನ್ನೊಂದು ದಿನ ಹೋಗಿಬರುವ ರಗಳೆ ಅಂದುಕೊಳ್ಳದೆ ಮಾಡಿಸಿಕೊಳ್ಳಿ.

ಹೊಲದಲ್ಲಿ ದುಡಿದ ಕೈ, ಬೈಕ್ ಓಡಿಸುವ ಮೊಣಕೈ ಬಿಸಿಲಿಗೆ ಪಳಗಿರುತ್ತವೆ, ಸರಿ. ಹೊಟ್ಟೆ, ತೊಡೆ, ಪಿರ್ರೆ, ಎದೆಯ ಕೆಳಭಾಗ ಯಾವತ್ತೂ ಬಿಸಿಲು ಕಂಡಿರುವುದಿಲ್ಲ. ಸುಡುವುದು ಅಲ್ಲೇ ಮೊದಲು. ನನ್ನದೂ ಹೊಟ್ಟೆಯೇ ಸುಟ್ಟಿದ್ದು, ಕೈಗೆ ಏನೂ ಆಗಿರಲಿಲ್ಲ.

ಹೆಜ್ಜೆ 3: ಪ್ರತಿ ಸಲ ಒಂದೇ ವೇಷ

ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಡೋಸ್ ಮೆಲ್ಲಗೆ ಏರುತ್ತಾ ಹೋದ ಹಾಗೆ ಬೆಳಕು ಬಿದ್ದ ಚರ್ಮ ದಪ್ಪವಾಗಿ, ಕಪ್ಪಾಗಿ ಪಳಗುತ್ತದೆ. ಬಟ್ಟೆಯ ಕೆಳಗಿನ ಚರ್ಮ ಪಳಗುವುದಿಲ್ಲ. ಹದಿನೈದನೇ ಸಲ ನೀವು ಎರಡು ಬೆರಳು ಚಿಕ್ಕದಾದ ಚಡ್ಡಿ ಹಾಕಿಕೊಂಡು ನಿಂತರೆ ಆ ಎರಡು ಬೆರಳಗಲದ ಪಟ್ಟಿಗೆ ಮೊದಲ ದಿನವೇ ಹದಿನೈದನೇ ದಿನದ ಡೋಸ್ ಬೀಳುತ್ತದೆ. ಅಷ್ಟು ಜಾಗ ಗೆರೆ ಎಳೆದ ಹಾಗೆ ಸುಡುತ್ತದೆ.

ಹಾಗಾಗಿ ಲೈಟಿಗೆ ಅಂತಲೇ ಒಂದು ಒಳಉಡುಪು ಇಟ್ಟುಕೊಳ್ಳಿ. ಉಡಿದಾರ, ಜನಿವಾರ, ತಾಳಿಸರ, ಕೈದಾರ ಇವುಗಳನ್ನು ತೆಗೆಯುವುದಾದರೆ ಮೊದಲ ದಿನದಿಂದಲೇ ತೆಗೆಯಿರಿ. ತೆಗೆಯುವುದಿಲ್ಲ ಅನ್ನುವವರು ಪ್ರತಿ ಸಲ ಅದೇ ಜಾಗದಲ್ಲಿ ಇರುವಂತೆ ನೋಡಿಕೊಳ್ಳಿ. ಉದ್ದ ಜಡೆಯವರು ಒಂದು ದಿನ ಬೆನ್ನ ಮೇಲೆ ಬಿಟ್ಟು, ಇನ್ನೊಂದು ದಿನ ತುರುಬು ಕಟ್ಟಿದರೆ ಕತ್ತಿನ ಹಿಂಭಾಗಕ್ಕೆ ಪೆಟ್ಟು. ತಲೆ ಸಣ್ಣಗೆ ಕತ್ತರಿಸಿಕೊಂಡು ಬಂದ ದಿನವೂ ಸಿಸ್ಟರಿಗೆ ತೋರಿಸಿ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವರಂತೂ ಕೇಳಲೇಬೇಡಿ, ತಲೆಗೆ ಬಟ್ಟೆ ಬೇಕೇ ಬೇಕು.

ಎಣ್ಣೆಯ ವಿಷಯಕ್ಕೂ ಇದೇ ಮಾತು. ಹೊಟ್ಟು ದಪ್ಪಗಿದ್ದರೆ ಬೆಳಕು ಅದರ ಮೇಲೇ ಚದುರಿ ಹೋಗುತ್ತದೆ. ತೆಳ್ಳಗೆ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿಕೊಂಡು ನಿಲ್ಲಿ ಅಂತ ಕೆಲವು ಸೆಂಟರ್‌ಗಳಲ್ಲಿ ಹೇಳುವುದು ಅದಕ್ಕೇ. ತೆಳ್ಳಗೆ ಅಂದರೆ ತೆಳ್ಳಗೆ. ವ್ಯಾಸಲಿನ್ ದಪ್ಪಗೆ ಮೆತ್ತಿದರೆ ಬೆಳಕು ಒಳಗೆ ಹೋಗುವುದಿಲ್ಲ. ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಮುಲಾಮು ಯುವಿಬಿಯನ್ನು ನುಂಗಿಬಿಡುತ್ತದೆ, ಅದನ್ನು ಲೈಟ್ ಆದ ಮೇಲೆ ಹಚ್ಚಿ. ಒಂದು ವಾರ ಮುಲಾಮು ಹಚ್ಚಿ ನಿಂತು, ಮುಂದಿನ ವಾರ ಒಣ ಮೈಯಲ್ಲಿ ನಿಂತರೆ ಕಾಗದದ ಮೇಲಿನ ಡೋಸ್ ಅದೇ ಇರುತ್ತದೆ, ಚರ್ಮಕ್ಕೆ ಬಿದ್ದದ್ದು ಎಷ್ಟೋ ಪಟ್ಟು ಆಗಿರುತ್ತದೆ.

ಕನ್ನಡಕ ಹಾಕದೆ ಚೇಂಬರಿನೊಳಗೆ ಕಾಲಿಡಬೇಡಿ. ಗಂಡಸರು ಜನನಾಂಗವನ್ನು ಕಡ್ಡಾಯವಾಗಿ ಮುಚ್ಚಿಕೊಳ್ಳಬೇಕು. ಮುಖದ ಮೇಲೆ ಕಲೆ ಇಲ್ಲದಿದ್ದರೆ ಮುಖಕ್ಕೂ ಬಟ್ಟೆ ಇರಲಿ, ಸುಮ್ನೆ ಯಾಕೆ ಬೆಳಕು ಬೀಳಬೇಕು, ಅಲ್ವಾ?

ಹೆಜ್ಜೆ 4: ಸೆಕೆಂಡಲ್ಲ, ಮಿಲಿಜೂಲ್ ಬರೆದುಕೊಳ್ಳಿ

"ಇವತ್ತು ಎಷ್ಟು?" ಅಂದರೆ "ಒಂದು ನಿಮಿಷ ಹತ್ತು ಸೆಕೆಂಡ್" ಅನ್ನುತ್ತಾರೆ. ಅದು ಪೂರ್ತಿ ಉತ್ತರ ಅಲ್ಲ. ಟ್ಯೂಬಿನ ಶಕ್ತಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಇದ್ದರೆ 350 ಮಿಲಿಜೂಲ್‌ಗೆ 70 ಸೆಕೆಂಡ್ ಬೇಕು. ಹಳೇ ಟ್ಯೂಬ್ ತೆಗೆದು ಹೊಸದು ಹಾಕಿದಾಗ ಅದು 8 ಆಯಿತು ಅಂದುಕೊಳ್ಳಿ. ಈಗ 44 ಸೆಕೆಂಡ್ ಸಾಕು. ಯಾರಾದರೂ ಮರೆತು ಅದೇ 70 ಸೆಕೆಂಡ್ ಇಟ್ಟರೆ ನಿಮಗೆ ಬಿದ್ದದ್ದು 560. ಬೇರೆ ಊರಿನ ಸೆಂಟರಿಗೆ ಬದಲಾಯಿಸಿಕೊಳ್ಳುವಾಗಲೂ ಇದೇ ಎಡವಟ್ಟು. ಸೆಕೆಂಡ್ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಒಂದು ಸಣ್ಣ ನೋಟ್‌ಬುಕ್ ಇಡಿ. ನನ್ನದರಲ್ಲಿ ಒಂದು ಸಾಲು ಹೀಗಿದೆ: "ಬುಧವಾರ. 14ನೇ ಸಲ. 620. ಸಂಜೆ ಹೊಟ್ಟೆ ಸ್ವಲ್ಪ ಬಿಸಿ. ಬೆಳಿಗ್ಗೆ ಇಲ್ಲ." ಇಷ್ಟು ಸಾಕು.

ಹೆಜ್ಜೆ 5: ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ

ನ್ಯಾರೋಬ್ಯಾಂಡ್‌ನಿಂದ ಆಗುವ ಸುಟ್ಟುರಿ ಆಗಿಂದಾಗಲೇ ತಿಳಿಯುವುದಿಲ್ಲ. 8ರಿಂದ 24 ಗಂಟೆಯೊಳಗೆ ಜೋರಾಗುತ್ತದೆ. ಚೇಂಬರಿನಿಂದ ಹೊರಗೆ ಬಂದಾಗ ಹಾಯಾಗಿತ್ತು ಅನ್ನುವುದಕ್ಕೆ ಅರ್ಥವಿಲ್ಲ.

ನಮ್ಮ ಬಣ್ಣದ ಮೈಯಲ್ಲಿ ಕೆಂಪು ಹುಡುಕಬೇಡಿ, ಬೆರಳಿನಿಂದ ಹುಡುಕಿ. ನಾನು ಮಾಡುವುದು ಹೀಗೆ. ಕೈಬೆರಳುಗಳ ಹಿಂಬದಿಯನ್ನು ಮೊದಲು ಚಡ್ಡಿಯ ಪಟ್ಟಿಯ ಕೆಳಗಿನ ಚರ್ಮಕ್ಕೆ ಇಡುತ್ತೇನೆ. ಅಲ್ಲಿಗೆ ಬೆಳಕು ಬಿದ್ದಿಲ್ಲ. ಆಮೇಲೆ ನಾಲ್ಕು ಬೆರಳು ಮೇಲೆ, ಬೆಳಕು ಬಿದ್ದ ಹೊಟ್ಟೆಗೆ ಇಡುತ್ತೇನೆ. ಎರಡೂ ಒಂದೇ ತರಹ ತಣ್ಣಗಿದ್ದರೆ ಸರಿ. ಮೇಲಿನದು ಬಿಸಿ ಅನ್ನಿಸಿದರೆ ಹೆಬ್ಬೆರಳಿನಿಂದ ಸ್ವಲ್ಪ ಒತ್ತುತ್ತೇನೆ. ನೋಯುತ್ತದಾ? ಬಟ್ಟೆ ಉಜ್ಜಿದರೆ ಉರಿಯುತ್ತದಾ? ಸ್ನಾನದ ನೀರು ಚುಚ್ಚುತ್ತದಾ? ಹಗಲು ಬೆಳಕಿನಲ್ಲಿ ನೋಡಿದರೆ ಆ ಭಾಗ ಪಕ್ಕದ ಚರ್ಮಕ್ಕಿಂತ ಗಾಢವಾಗಿ, ನೇರಳೆ ಛಾಯೆಯಲ್ಲಿ ಇದೆಯಾ? ಬಿಗಿದುಕೊಂಡ ಹಾಗಿದೆಯಾ?

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಬರೀ ತುರಿಕೆ, ಬರೀ ಒಣಗಿದ ಮೈ ಸುಟ್ಟುರಿಯಲ್ಲ. ಲೈಟ್ ತಗೊಳ್ಳುವವರಿಗೆ ಅದು ಮಾಮೂಲು, ಚೆನ್ನಾಗಿ ಮಾಯಿಶ್ಚರೈಸರ್ ಹಚ್ಚಿದರೆ ಇಳಿಯುತ್ತದೆ. ಬಿಸಿ ಮತ್ತು ಒತ್ತಿದರೆ ನೋವು, ಇವೆರಡು ಸುಟ್ಟದ್ದರ ಗುರುತು. ಸಣ್ಣ ಸಣ್ಣ ತುರಿಕೆ ಗುಳ್ಳೆಗಳು ಕೈಮೇಲೆ, ಕತ್ತಿನ ಮೇಲೆ ಎದ್ದರೆ ಅದು ಬೆಳಕಿನ ಅಲರ್ಜಿಯೂ ಇರಬಹುದು. ಫೋಟೋ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ.

ಮುಂದಿನ ಸಲ ಏನು ಹೇಳಬೇಕು? ಸ್ವಲ್ಪ ಬಿಸಿ ಇತ್ತು, 24 ಗಂಟೆಯೊಳಗೆ ಹೋಯಿತು ಅನ್ನುವುದು ಹೆದರುವ ವಿಷಯ ಅಲ್ಲ. ಡೋಸ್ ತನ್ನ ಪಾಡಿಗೆ ಏರಬಹುದು. ಒಂದು ದಿನ ದಾಟಿಯೂ ಉಳಿದಿತ್ತು ಅಂದರೆ ಸಾಮಾನ್ಯವಾಗಿ ಡೋಸ್ ಏರಿಸುವುದಿಲ್ಲ, ಹಿಂದಿನದ್ದೇ ಹಾಕುತ್ತಾರೆ. ಇವತ್ತೂ ಇದೆ, ಒತ್ತಿದರೆ ನೋಯುತ್ತದೆ ಅಂದರೆ ಅವತ್ತು ಲೈಟ್ ಬೇಡ. ಬಸ್ ಚಾರ್ಜ್ ಕೊಟ್ಟು ಬಂದಿದ್ದೇನೆ, ರಜೆ ಹಾಕಿ ಬಂದಿದ್ದೇನೆ ಅಂತ ನಿಂತುಬಿಡಬೇಡಿ. ಇದರಲ್ಲಿ ನಾನು ಎರಡು ಸಲ ಸುಳ್ಳು ಹೇಳಿದ್ದೇನೆ, ಎರಡು ಸಲವೂ ದಂಡ ಕಟ್ಟಿದ್ದೇನೆ.

ಸುಟ್ಟರೆ ಬೇಗ ಗುಣವಾಗುತ್ತದೆ ಅನ್ನುವ ನಂಬಿಕೆ ಕಾಯುವ ಬೆಂಚಿನ ಮೇಲೆ ಬಹಳ ಕೇಳಿದ್ದೇನೆ. ಅದು ತಪ್ಪು. ಸೋರಿಯಾಸಿಸ್‌ಗೆ ಒಂದು ಕೆಟ್ಟ ಚಾಳಿಯಿದೆ. ಚರ್ಮಕ್ಕೆ ಎಲ್ಲಿ ಗಾಯವಾಗುತ್ತದೋ ಅಲ್ಲಿ ಹೊಸ ಕಲೆ ಹುಟ್ಟುತ್ತದೆ. ಕೋಬ್ನರ್ ಅನ್ನುವ ಜರ್ಮನ್ ವೈದ್ಯರು ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದ್ದು ಇದು. ಬೆಳಕಿನಿಂದ ಸುಟ್ಟ ಗಾಯಕ್ಕೂ ಈ ಚಾಳಿ ಅನ್ವಯಿಸುತ್ತದೆ.

ಇನ್ನೊಂದು ಸೂಕ್ಷ್ಮ. ದಪ್ಪ ಕಲೆ ಬೆಳಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಅದು ತೆಳುವಾಗುತ್ತಾ, ಹೊಟ್ಟು ಉದುರಿ ನುಣ್ಣಗಾಗುತ್ತಾ ಬಂದ ಹಾಗೆ ತಡೆಯುವ ಶಕ್ತಿ ಇಳಿಯುತ್ತದೆ. ಅಷ್ಟು ದಿನ ಏನೂ ಅನ್ನದ ಮೊಣಕಾಲು ಇಪ್ಪತ್ತನೇ ಸಲದ ಹೊತ್ತಿಗೆ ಉರಿಯಲು ಶುರು ಮಾಡಿದರೆ ಆಶ್ಚರ್ಯ ಬೇಡ. ಗುಣವಾಗುತ್ತಿರುವುದರ ಲಕ್ಷಣವೂ ಹೌದು, ಡೋಸ್ ನೋಡಿಕೊಳ್ಳಬೇಕಾದ ಸಮಯವೂ ಹೌದು.

ಹೆಜ್ಜೆ 6: ನಡುವೆ ಬಿಟ್ಟುಹೋದರೆ

ವಾರಕ್ಕೆ ಮೂರು ಸಲ ಅಂದರೆ ಮದುವೆ, ಜಾತ್ರೆ, ಪರೀಕ್ಷೆ ಯಾವುದಾದರೂ ಅಡ್ಡ ಬಂದೇ ಬರುತ್ತದೆ. ಚರ್ಮ ಪಳಗಿದ್ದನ್ನು ಬೇಗ ಮರೆಯುತ್ತದೆ. ಹಾಗಾಗಿ ಬಿಟ್ಟಲ್ಲಿಂದ ಮುಂದುವರಿಸುವ ಹಾಗಿಲ್ಲ. ಮೇಲೆ ಹೇಳಿದ ಮಾರ್ಗಸೂಚಿಯ ಲೆಕ್ಕ ಹೀಗಿದೆ: 4ರಿಂದ 7 ದಿನ ಬಿಟ್ಟಿದ್ದರೆ ಹಿಂದಿನ ಡೋಸೇ, ಏರಿಕೆ ಇಲ್ಲ. ಒಂದರಿಂದ ಎರಡು ವಾರವಾದರೆ ಕಾಲು ಭಾಗ ಇಳಿಕೆ. ಎರಡರಿಂದ ಮೂರು ವಾರವಾದರೆ ಅರ್ಧಕ್ಕೆ. ಅದಕ್ಕಿಂತ ಜಾಸ್ತಿಯಾದರೆ ಮೊದಲಿನಿಂದ. ಸೆಂಟರಿನಲ್ಲಿ ಜನ ಜಾಸ್ತಿಯಿದ್ದಾಗ ಹಿಂದಿನ ತಾರೀಖು ನೋಡದೆ ಹೋಗುವುದುಂಟು. ಬಾಗಿಲು ಹಾಕುವ ಮೊದಲು "ನಾನು ಹನ್ನೊಂದು ದಿನ ಬಂದಿರಲಿಲ್ಲ" ಅಂತ ನೀವೇ ಬಾಯಿಬಿಟ್ಟು ಹೇಳಿ.

ಹೆಜ್ಜೆ 7: ಸುಟ್ಟೇ ಬಿಟ್ಟರೆ

ತಣ್ಣೀರಿನ ಒದ್ದೆ ಬಟ್ಟೆ, ಆಮೇಲೆ ಬಣ್ಣ ವಾಸನೆ ಇಲ್ಲದ ಮಾಯಿಶ್ಚರೈಸರ್. ನೋವಿಗೆ ಪ್ಯಾರಾಸಿಟಮಾಲ್. ಡಾಕ್ಟರಿಗೆ ಫೋನ್ ಮಾಡಿದರೆ ಕೆಲವು ದಿನಕ್ಕೆ ಸ್ಟೆರಾಯ್ಡ್ ಕ್ರೀಮ್ ಹೇಳಬಹುದು. ಟೂತ್‌ಪೇಸ್ಟ್, ಶಾಯಿ, ಸುಣ್ಣ ಇವು ಯಾವುವೂ ಬೇಡ. ಬೊಬ್ಬೆ ಎದ್ದರೆ ಒಡೆಯಬೇಡಿ. ಮೈಯ ದೊಡ್ಡ ಭಾಗದಲ್ಲಿ ಬೊಬ್ಬೆ, ಚಳಿಜ್ವರ, ಕಣ್ಣುನೋವು ಇದ್ದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಪೂರ್ತಿ ವಾಸಿಯಾದ ಮೇಲೆ ಕಡಿಮೆ ಡೋಸಿನಿಂದ ಮತ್ತೆ ಶುರು ಮಾಡುತ್ತಾರೆ. ನನಗೆ ಎರಡು ವಾರ ಹಿಡಿಯಿತು. ಏರಿಸಿಕೊಂಡು ಉಳಿಸಿದೆ ಅಂದುಕೊಂಡ ದಿನಗಳಿಗಿಂತ ಅದೇ ಜಾಸ್ತಿ.

ಬಾವಂಚಿ ಎಣ್ಣೆ, ನಿಂಬೆಹಣ್ಣು ಮತ್ತು ಮನೆಮದ್ದು

ಇದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಚರ್ಮದ ತೊಂದರೆ ಅಂದರೆ ಯಾರಾದರೂ ಒಬ್ಬರು ಬಾವಂಚಿ ಎಣ್ಣೆ ತಂದುಕೊಡುತ್ತಾರೆ. ಬಾಕುಚಿ ಅಂತಲೂ ಕರೆಯುತ್ತಾರೆ, ತೊನ್ನಿಗೆ ಹಳೇ ಮದ್ದು. ಅದರ ಬೀಜದಲ್ಲಿರುವುದು ಸೋರಾಲೆನ್. ಚರ್ಮವನ್ನು ಬೆಳಕಿಗೆ ವಿಪರೀತ ಸೂಕ್ಷ್ಮ ಮಾಡುವುದೇ ಅದರ ಗುಣ. ಆಸ್ಪತ್ರೆಯ ಪುವಾ ಚಿಕಿತ್ಸೆ ನಿಂತಿರುವುದೂ ಅದೇ ಜಾತಿಯ ರಾಸಾಯನಿಕದ ಮೇಲೆ. 1974ರಲ್ಲಿ ಸೋರಿಯಾಸಿಸ್‌ಗೆ ಅದರ ಫಲ ಪ್ರಕಟವಾಯಿತು. ಮೊದಲು ಸೋರಾಲೆನ್ ಕೊಟ್ಟು, ಆಮೇಲೆ ಅಳೆದು ತೂಗಿ ಯುವಿಎ ಬೆಳಕು. ಅಳತೆಯಿಲ್ಲದೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ, ಇಲ್ಲವೇ ಸೆಂಟರಿನಲ್ಲಿ ಹೇಳದೆ ಚೇಂಬರಿನಲ್ಲಿ ನಿಂತರೆ ಬೊಬ್ಬೆ ಏಳಬಹುದು. ಒಳ್ಳೆಯ ಮದ್ದು, ಕೆಟ್ಟ ಜೊತೆ.

ನಿಂಬೆರಸ, ಅಂಜೂರದ ಎಲೆಯ ಹಾಲು ಇವುಗಳಲ್ಲೂ ಇದೇ ಬಳಗದ ವಸ್ತುಗಳಿವೆ. ಹೊಟ್ಟು ಹೋಗಲಿ ಅಂತ ತಲೆಗೆ ನಿಂಬೆ ಉಜ್ಜುವ ಅಭ್ಯಾಸವಿದ್ದರೆ ಚಿಕಿತ್ಸೆ ಮುಗಿಯುವವರೆಗೆ ಬಿಡಿ. ಕೋಲ್‌ಟಾರ್ ಮುಲಾಮು, ಶಾಂಪೂ ಕೂಡ ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. 1925ರಲ್ಲೇ ಗೋಕರ್‌ಮನ್ ಅನ್ನುವ ವೈದ್ಯರು ಟಾರ್ ಮತ್ತು ಅಲ್ಟ್ರಾವಯೊಲೆಟ್ ಜೋಡಿಸಿ ಚಿಕಿತ್ಸೆ ಮಾಡಿದ್ದರು. ಹಚ್ಚುತ್ತಿದ್ದರೆ ಮುಚ್ಚಿಡಬೇಡಿ, ಅಷ್ಟೇ.

ನಿಮಗೆ ಹೇಳಿರುವುದೇ ಪುವಾ ಆಗಿದ್ದರೆ ಹೆಜ್ಜೆ 5ರ ಗಡಿಯಾರ ಬದಲಾಗುತ್ತದೆ. ಅದರ ಸುಟ್ಟುರಿ ನಿಧಾನ, ಎರಡು ಮೂರು ದಿನ ಬಿಟ್ಟು, ಕೆಲವೊಮ್ಮೆ ನಾಲ್ಕನೇ ದಿನ ಜೋರಾಗುತ್ತದೆ. ಮಾತ್ರೆ ನುಂಗುವ ಪುವಾ ಆದರೆ ಅವತ್ತು ಪೂರ್ತಿ ಯುವಿ ತಡೆಯುವ ಕನ್ನಡಕ ಬೇಕು, ಮನೆಯೊಳಗೆ ಕಿಟಕಿ ಪಕ್ಕ ಕೂತಾಗಲೂ. ಗಾಜು ಯುವಿಬಿಯನ್ನು ತಡೆಯುತ್ತದೆ, ಯುವಿಎಯನ್ನು ಬಹುಪಾಲು ಒಳಗೆ ಬಿಡುತ್ತದೆ. ಬಸುರಿಯರಿಗೆ ಪುವಾ ಕೊಡುವುದಿಲ್ಲ. ನ್ಯಾರೋಬ್ಯಾಂಡ್ ಕೊಡುತ್ತಾರೆ, ಫೋಲಿಕ್ ಆ್ಯಸಿಡ್ ಬಗ್ಗೆ ಕೇಳಿಕೊಳ್ಳಿ.

ಮನೆಗೆ ವಾಪಸ್ ಬರುವ ದಾರಿ

ಲೈಟ್ ಮುಗಿಸಿ ಹೊರಗೆ ಬಂದಾಗ ಹನ್ನೊಂದೂವರೆ ಆಗಿರುತ್ತದೆ. ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ನಡುಹಗಲು ಯುವಿ ಸೂಚ್ಯಂಕ 10 ದಾಟುವುದು ಸಾಮಾನ್ಯ. ಆಸ್ಪತ್ರೆಯಲ್ಲಿ ಸೆಕೆಂಡ್ ಲೆಕ್ಕ ಹಾಕಿ ಕೊಟ್ಟ ಡೋಸಿನ ಮೇಲೆ ನೀವು ಬಸ್ ಸ್ಟಾಪಿನಲ್ಲಿ ಲೆಕ್ಕವಿಲ್ಲದ ಇನ್ನೊಂದು ಡೋಸ್ ಹಾಕಿಸಿಕೊಳ್ಳುತ್ತೀರಿ. ಸನ್‌ಸ್ಕ್ರೀನ್ ಹಚ್ಚುವುದಾದರೆ ಲೈಟ್ ಮುಗಿದ ಮೇಲೆ, ಮೊದಲಲ್ಲ. ತುಂಬು ತೋಳಿನ ಅಂಗಿ, ಛತ್ರಿ ಅದಕ್ಕಿಂತ ಗಟ್ಟಿ. ನಾನೀಗ ಅಪಾಯಿಂಟ್‌ಮೆಂಟನ್ನು ಸಂಜೆ ನಾಲ್ಕೂವರೆಗೆ ಬದಲಾಯಿಸಿಕೊಂಡಿದ್ದೇನೆ. ಹೊರಗೆ ಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಮೊನ್ನೆ ಸಿಸ್ಟರ್ ಮತ್ತೆ "ಕೆಂಪಾಗಿತ್ತಾ?" ಅಂದರು. "ಕೆಂಪಿಲ್ಲ, ಹೊಟ್ಟೆ ಮಾತ್ರ ನಿನ್ನೆ ಸಂಜೆಯಿಂದ ಬಿಸಿ, ಒತ್ತಿದರೆ ಸ್ವಲ್ಪ ನೋವು" ಅಂದೆ. ಕೈಯಿಟ್ಟು ನೋಡಿದರು. ಅವತ್ತು ಲೈಟ್ ಹಾಕಲಿಲ್ಲ, ಸೋಮವಾರ ಬನ್ನಿ ಅಂದರು.